ಶವಯಾತ್ರೆ ಮುಗಿದ ಮೇಲಿನ ಒಂದೂವರೆ ನಿಮಿಷ

ಮೊದಲು ಒಂದು ಲೆಕ್ಕ. ಪಿಯಾನೋಗೆ ಬರೆದ ಒಂದು ಚಿಕ್ಕ ಭಾಗ, ಒಟ್ಟು 75 ಬಾರ್. ಬಾರ್ ಅಂದರೆ ತಾಳದ ಒಂದು ಸುತ್ತು. ಬಾರಿಗೆ 12 ಸ್ವರ. ಅಂದರೆ ಒಂದು ಕೈಗೆ ಸುಮಾರು 880 ಸ್ವರ. ಇಷ್ಟನ್ನು ನುಡಿಸಿ ಮುಗಿಸಲು ಹಿಡಿಯುವುದು ಒಂದೂವರೆ ನಿಮಿಷ, ಕೆಲವರಿಗೆ ಅದಕ್ಕಿಂತಲೂ ಕಡಿಮೆ. ಸೆಕೆಂಡಿಗೆ ಹತ್ತು ಸ್ವರ ಬಿತ್ತು. ಎಡಗೈ ಕೂಡ ಅದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತಿರುತ್ತದೆ, ಹಾಗಾಗಿ ಬೆರಳಿನ ಲೆಕ್ಕದಲ್ಲಿ ಇಪ್ಪತ್ತು. ನಡುವೆ ಉಸಿರು ತೆಗೆದುಕೊಳ್ಳಲು ಜಾಗವಿಲ್ಲ, ಹಿಡಿದು ನಿಲ್ಲಲು ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ ಒತ್ತಿದ್ದು) ಇಲ್ಲ, ಹಾಡಿಕೊಳ್ಳಲು ಒಂದು ರಾಗವಾದ ಸಾಲೂ ಇಲ್ಲ. ಕೊನೆಗೆ ದಢಾರ್ ಅಂತ ಒಂದು ಹೊಡೆತ, ಮುಗಿಯಿತು.

ಇದು ಪೋಲೆಂಡಿನ ಸಂಗೀತಗಾರ ಶೋಪಾನ್ ಬರೆದ ಎರಡನೇ ಪಿಯಾನೋ ಸೊನಾಟಾದ ಕೊನೆಯ ಭಾಗ. ಸೊನಾಟಾ ಅಂದರೆ ಕೆಲವು ಭಾಗಗಳಿರುವ ದೊಡ್ಡ ಕೃತಿ. ಬಿ ಫ್ಲಾಟ್ ಮೈನರ್, ಓಪಸ್ (ಕೃತಿ ಸಂಖ್ಯೆ) 35. ಹಾರ್ಮೋನಿಯಂ ಬಲ್ಲವರಿಗೆ ಕಪ್ಪು ಐದು ಅಂದರೆ ಸಾಕು. ಸೊನಾಟಾದ ಹೆಸರು ನೀವು ಕೇಳಿರಲಿಕ್ಕಿಲ್ಲ, ಆದರೆ ಅದರ ಮೂರನೇ ಭಾಗ ಇಲ್ಲಿ ಕೂತಿರುವ ಪ್ರತಿಯೊಬ್ಬರಿಗೂ ಗೊತ್ತು. ಡಂ, ಡಂ, ಡಡಂ. ಗೊತ್ತಾಯ್ತಲ್ಲ? ಕಾರ್ಟೂನಿನಲ್ಲಿ ಯಾರಾದರೂ ಸತ್ತರೆ ಬರುವುದು ಅದೇ, ಆ ಶವಯಾತ್ರೆಯ ಮಾರ್ಚ್, ಅಂದರೆ ಹೆಜ್ಜೆ ಹಾಕುವ ಸಂಗೀತ. ಅದನ್ನು ಶೋಪಾನ್ ಮೊದಲೇ, 1837ರಲ್ಲಿ ಬರೆದಿಟ್ಟಿದ್ದ. ಉಳಿದ ಭಾಗಗಳನ್ನು ಅದರ ಸುತ್ತ ಕಟ್ಟಿದ್ದು 1839ರ ಬೇಸಿಗೆಯಲ್ಲಿ, ಫ್ರಾನ್ಸಿನ ನೊಆಂ ಎಂಬ ಹಳ್ಳಿಯಲ್ಲಿ, ಲೇಖಕಿ ಜಾರ್ಜ್ ಸಾಂಡ್‌ಳ ಮನೆಯಲ್ಲಿ. ಅದರ ಹಿಂದಿನ ಚಳಿಗಾಲ ಮಯೋರ್ಕಾ ದ್ವೀಪದಲ್ಲಿ ಕೆಮ್ಮಿ ಕೆಮ್ಮಿ ಹಣ್ಣಾಗಿ ಬಂದವನು ಅಲ್ಲಿ ಸ್ವಲ್ಪ ಸುಧಾರಿಸಿಕೊಂಡಿದ್ದ.

ಆ ಆಗಸ್ಟಿನಲ್ಲಿ ಗೆಳೆಯ ಫಾಂಟಾನಾಗೆ ಒಂದು ಕಾಗದ ಬರೆಯುತ್ತಾನೆ. ಸೊನಾಟಾ ಬರೆಯುತ್ತಿದ್ದೇನೆ, ನಿನಗೆ ಗೊತ್ತಿರುವ ಆ ಮಾರ್ಚ್ ಅದರಲ್ಲಿರುತ್ತದೆ, ಕೊನೆಗೆ ಒಂದು ಚಿಕ್ಕ ಭಾಗ ಇದೆ, ಮಾರ್ಚ್ ಆದ ಮೇಲೆ ಎಡಗೈ ಬಲಗೈ ಎರಡೂ ಒಂದೇ ಸ್ವರದಲ್ಲಿ ಹರಟುತ್ತವೆ, ಅಂತ. ಅಷ್ಟೇ. ಹರಟುತ್ತವೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಮತ್ತೆ ಇಲ್ಲಿಗೇ ಬರುತ್ತೇನೆ.

1840ರಲ್ಲಿ ಅಚ್ಚಾಯಿತು. ಮರುವರ್ಷ ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ತನ್ನ ಪತ್ರಿಕೆಯಲ್ಲಿ ವಿಮರ್ಶೆ ಬರೆದ. ಶೋಪಾನ್‌ನನ್ನು ಆರಾಧಿಸುತ್ತಿದ್ದ ಮನುಷ್ಯ. ಆದರೂ ಇದನ್ನು ಸೊನಾಟಾ ಅಂತ ಕರೆದದ್ದೇ ಒಂದು ಚೇಷ್ಟೆ, ತನ್ನ ನಾಲ್ಕು ಅತಿ ಹುಚ್ಚು ಮಕ್ಕಳನ್ನು ಒಟ್ಟಿಗೆ ಕಟ್ಟಿಹಾಕಿದ್ದಾನೆ ಅಂದ. ಕೊನೆಯ ಭಾಗ ಸಂಗೀತಕ್ಕಿಂತ ಗೇಲಿಯ ಹಾಗಿದೆ, ಗೇಲಿಯ ನಗೆ ಬೀರುವ ಸ್ಫಿಂಕ್ಸ್‌ನಂತೆ ಒಗಟಾಗಿ ಮುಗಿಯುತ್ತದೆ ಅಂದ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಶೂಮನ್ ಇದ್ದಾನಲ್ಲ, ಅವನದೇ ಒಂದು ಸೊನಾಟಾ ಇದೆ, ಜಿ ಮೈನರ್, ಓಪಸ್ 22. ಮೊದಲ ಭಾಗದ ತಲೆಯ ಮೇಲೆ "ಸಾಧ್ಯವಾದಷ್ಟು ವೇಗವಾಗಿ" ಅಂತ ಬರೆದಿದ್ದಾನೆ. ಸರಿ, ನುಡಿಸುವವರು ಪ್ರಾಣ ಕೈಯಲ್ಲಿ ಹಿಡಿದುಕೊಂಡು ಓಡುತ್ತಾರೆ. ಕೊನೆಗೆ ಬಂದರೆ ಅಲ್ಲಿ "ಇನ್ನೂ ವೇಗವಾಗಿ" ಅಂತಿದೆ. ಅದೂ ಆದ ಮೇಲೆ "ಮತ್ತೂ ವೇಗವಾಗಿ"! ಸಾಧ್ಯವಾದಷ್ಟು ಆದ ಮೇಲೆ ಇನ್ನೂ ಹೇಗೆ ಸ್ವಾಮಿ? ಪಿಯಾನೋ ಕಲಿಯುವ ಮಕ್ಕಳು ಇದನ್ನು ಹೇಳಿಕೊಂಡು ನಗುತ್ತಾರೆ. ಅದೇ ಸೊನಾಟಾಕ್ಕೆ ಮೊದಲು ಬರೆದಿದ್ದ ಕೊನೆಯ ಭಾಗ ತೀರಾ ಕಷ್ಟ, ಬದಲಾಯಿಸು, ನನಗಾದರೂ ಹೇಗೋ ನುಡಿಸಬಹುದು, ಜನಕ್ಕೆ ಅರ್ಥವಾಗುವುದಿಲ್ಲ ಅಂತ ಅವನ ಪ್ರೇಯಸಿ, ಪಿಯಾನೋ ವಾದಕಿ ಕ್ಲಾರಾ ಅವನಿಗೆ 1838ರಲ್ಲಿ ಬರೆದಳು. ಆಗಿನ್ನೂ ಅವರ ಮದುವೆಯಾಗಿರಲಿಲ್ಲ. ಅವನು ಮಾತು ಕೇಳಿ ಬೇರೆ ಬರೆದುಕೊಟ್ಟ. ಇದನ್ನು ಯಾಕೆ ಹೇಳಿದೆ ಅಂದರೆ, "ವೇಗ" ಅನ್ನುವುದು ಸ್ಕೋರಿನಲ್ಲಿ, ಅಂದರೆ ಬರೆದ ಸ್ವರಲಿಪಿಯಲ್ಲಿ, ಕಿಲೋಮೀಟರ್ ಲೆಕ್ಕದಲ್ಲಿ ಇರುವುದಿಲ್ಲ. ನಾನಂತೂ ಶೂಮನ್‌ನ ಆ ಮೊದಲ ಸೂಚನೆಯನ್ನು ಅರ್ಧ ಮಾತ್ರ ನಂಬುತ್ತೇನೆ. ಕೊನೆಗೆ ಎರಡು ಗೇರ್ ಉಳಿಸಿಕೊಂಡೇ ಹೊರಡುತ್ತೇನೆ.

ಶೋಪಾನ್ ಈ ವಿಷಯದಲ್ಲಿ ಜಿಪುಣ. ಮೇಲೆ ಪ್ರೆಸ್ತೋ ಅಂತ ಒಂದು ಪದ, ಅಂದರೆ ಬಹಳ ಬೇಗ. ಕೆಳಗೆ ಸೊತ್ತೋ ವೋಚೆ ಎ ಲೆಗಾತೋ, ಅಂದರೆ ಪಿಸುದನಿಯಲ್ಲಿ, ಸ್ವರಕ್ಕೆ ಸ್ವರ ಅಂಟಿಕೊಂಡ ಹಾಗೆ. ಮುಗಿಯಿತು. ಇನ್ನು ಏರು ಇಳಿತದ ಗುರುತು ಒಂದೂ ಇಲ್ಲ. ಕೊನೆಯ ಆ ಹೊಡೆತಕ್ಕೆ ಮಾತ್ರ ಫೋರ್ಟಿಸ್ಸಿಮೋ, ಅಂದರೆ ಬಹಳ ಜೋರು. ಪೂರ್ತಿ ಖಾಲಿ ಜಾಗ ಕೊಟ್ಟು, ಇಷ್ಟ ಬಂದ ಹಾಗೆ ಮಾಡಿಕೊಳ್ಳಿ ಅಂತ ಹೇಳಿದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಅದು ಸ್ವಾತಂತ್ರ್ಯ ಅಲ್ಲ, ಬೇಲಿ. ಪಿಸುದನಿ ಅಂದ ಮೇಲೆ ಪಿಸುದನಿ.

ಮೊದಲ ಸಲ ಕೇಳಿದಾಗ ನನಗೂ ಇದು ಬರೀ ಗದ್ದಲ ಅನ್ನಿಸಿತ್ತು. ನಾನು ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತವರ ಪೈಕಿ. ಅಲ್ಲಿ ಒಂದೇ ಸಾಲು, ಕಾರ್ಡ್‌ಗಳ ಗೊಡವೆ ಇಲ್ಲ. ಇದರಲ್ಲೂ ಒಂದೇ ಸಾಲು ಇದೆಯಲ್ಲ, ಇದು ನಮ್ಮ ಕಿವಿಗೆ ಸುಲಭ ಆಗಬೇಕು ಅಲ್ವಾ ಅಂತ ಅಂದುಕೊಂಡೆ. ಬಿ ಫ್ಲಾಟ್ ಮೈನರ್ ಸ್ಕೇಲ್ ಅಂದರೆ ಸ್ವರಸ್ಥಾನದ ಮಟ್ಟಿಗೆ ನಮ್ಮ ನಠಭೈರವಿ. ಹಾಗೆ ಹಿಡಿದುಕೊಂಡು ಕೇಳೋಣ ಅಂತ ಕೂತರೆ ನಾಲ್ಕು ಬಾರ್ ಕಳೆಯುವುದರಲ್ಲಿ ನಠಭೈರವಿಯೂ ಇಲ್ಲ, ಯಾವ ಭೈರವಿಯೂ ಇಲ್ಲ. ಹನ್ನೆರಡು ಸ್ವರಸ್ಥಾನಗಳೂ ಸಂತೆಗೆ ಬಂದವರ ಹಾಗೆ ಓಡಾಡುತ್ತವೆ. ಷಡ್ಜ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ನಾನು ಕೇಳುತ್ತಿದ್ದ ರೀತಿಯೇ ತಪ್ಪು. ಸಾಲು ಒಂದೇ ನಿಜ, ಆದರೆ ಅದು ಮಡಿಸಿಟ್ಟ ಸೀರೆಯ ಹಾಗೆ. ಬಿಡಿಸಿದರೆ ಒಳಗೆ ಮೂರು ನಾಲ್ಕು ಪದರ ಇದೆ.

ಇದನ್ನು ಶೋಪಾನ್‌ಗಿಂತ ಹಿಂದಿನ ಜರ್ಮನ್ ಸಂಗೀತಗಾರ ಬಾಖ್ ಮೂಲಕ ತೋರಿಸುತ್ತೇನೆ. ಅವನು ಒಂಟಿ ಚೆಲ್ಲೋ ವಾದ್ಯಕ್ಕೆ ಬರೆದ ಜಿ ಮೇಜರ್ ಸೂಟಿನ (ನೃತ್ಯದ ತುಣುಕುಗಳ ಮಾಲೆ) ಮೊದಲ ಸಾಲು ಇದು, ಪಿಯಾನೋದಲ್ಲಿ ನುಡಿಸುತ್ತೇನೆ, ಕೇಳಿ. ಒಂದು ಹೊತ್ತಿಗೆ ಒಂದೇ ಸ್ವರ. ಆದರೆ ಕೆಳಗಿನ ಸ್ವರ ಇದ್ದಲ್ಲೇ ನಿಂತಿದೆ, ಮೇಲಿನವು ತಮ್ಮ ದಾರಿಯಲ್ಲಿ ಹೋಗುತ್ತಿವೆ. ಈಗ ಅದೇ ಸ್ವರಗಳನ್ನು ಒಂದರ ಹಿಂದೆ ಒಂದು ನುಡಿಸದೆ ಒಟ್ಟಿಗೆ ಒತ್ತುತ್ತೇನೆ. ನೋಡಿ, ಕಾರ್ಡ್‌ಗಳು. ಸಾಲು ಅಂತ ಕೇಳಿಸಿದ್ದು ಬಿಡಿಸಿ ಹರಡಿದ ಕಾರ್ಡ್. ಶೋಪಾನ್‌ಗೆ ಬಾಖ್ ಅಂದರೆ ಪ್ರಾಣ. ಇದೇ 1839ರ ಬೇಸಿಗೆಯಲ್ಲಿ ನೊಆಂನಲ್ಲಿ ಕೂತು, ಪ್ಯಾರಿಸ್‌ನಲ್ಲಿ ಅಚ್ಚಾದ ಬಾಖ್ ಪುಸ್ತಕದ ತಪ್ಪುಗಳನ್ನು ತನ್ನ ಖುಷಿಗೆ ತಿದ್ದುತ್ತಿದ್ದ. ಹಗಲು ಬಾಖ್ ತಿದ್ದಿದ ಕೈ ರಾತ್ರಿ ಇದನ್ನು ಬರೆದಿದೆ ಅಂತ ನಾನು ಊಹಿಸಿಕೊಳ್ಳುತ್ತೇನೆ. ಊಹೆ ಅಷ್ಟೇ, ರಾತ್ರಿ ಬರೆದನೋ ಬೆಳಿಗ್ಗೆ ಬರೆದನೋ.

ಶೋಪಾನ್ ಇದಕ್ಕೆ ಮೊದಲು ಒಂದು ಸಣ್ಣ ಪ್ರಯೋಗ ಮಾಡಿದ್ದ. ಓಪಸ್ 28ರ ಪ್ರೆಲ್ಯೂಡು ಅನ್ನುವ ಪುಟ್ಟ ಪಿಯಾನೋ ತುಣುಕುಗಳಲ್ಲಿ 14ನೆಯದು, ಇ ಫ್ಲಾಟ್ ಮೈನರ್. ಅಲ್ಲೂ ಎರಡು ಕೈ ಒಂದೇ ಸ್ವರ, ಅಲ್ಲೂ ಮೂರು ಮೂರರ ಗುಂಪು. 19 ಬಾರ್ ಅಷ್ಟೇ. ಈ ಸೊನಾಟಾ ಭಾಗಕ್ಕೆ ಕೈ ಹಾಕುವವರು ಮೊದಲು ಅದನ್ನು ಕಲಿಯಲಿ ಅಂತ ನಾನು ಹೇಳುತ್ತೇನೆ. ಅಲ್ಲಿ ಉಸಿರು ಕಟ್ಟಿದರೆ ಇಲ್ಲಿಗೆ ಬರಬೇಡಿ.

ಈಗ ಒಳಗೆ ಹೋಗೋಣ. ಮೊದಲ ನಾಲ್ಕು ಬಾರ್ ಬೇಕಂತಲೇ ದಾರಿ ತಪ್ಪಿಸುತ್ತವೆ. ಅಲ್ಲಿ ಕೆಲಸ ಮಾಡುವುದು ಡಿಮಿನಿಷ್ಡ್ ಸೆವೆಂತ್ ಅನ್ನುವ ಕಾರ್ಡ್. ಅದರ ವಿಶೇಷ ಏನಂದರೆ, ಹನ್ನೆರಡು ಸ್ವರಸ್ಥಾನಗಳನ್ನು ಮೂರು ಮೂರು ಹೆಜ್ಜೆಗೆ ಕತ್ತರಿಸಿದರೆ ಬರುವ ನಾಲ್ಕು ಸ್ವರ ಅದು. ಎಲ್ಲಾ ಅಂತರವೂ ಸಮ. ಸಮ ಆದ್ದರಿಂದ ಮನೆ ಯಾವುದು ಅಂತ ಹೇಳುವ ಹಾಗಿಲ್ಲ. ನಾಲ್ಕು ರಸ್ತೆ ಸೇರುವ ಸರ್ಕಲ್ಲಿನಲ್ಲಿ ಬೋರ್ಡ್ ಇಲ್ಲದೆ ನಿಂತ ಹಾಗೆ, ಯಾವ ಕಡೆ ಬೇಕಾದರೂ ಹೋಗಬಹುದು. ಐದನೇ ಬಾರಿನಲ್ಲಿ ಬಿ ಫ್ಲಾಟ್ ಮೈನರ್ ಬಂದು ನಿಲ್ಲುತ್ತದೆ. ಮನೆ ಸಿಕ್ಕಿತು. ಆದರೆ ನೀವು ಅದನ್ನು ಮನೆ ಅಂತ ಗುರುತಿಸುವ ಮೊದಲೇ ಮುಂದಿನ ಬೀದಿಗೆ ಹೋಗಿರುತ್ತೀರಿ. ಆ ವೇಗದಲ್ಲಿ ಒಂದು ಬಾರ್ ಅಂದರೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

ಸುಮಾರು 23ನೇ ಬಾರಿನ ಹೊತ್ತಿಗೆ ಸ್ವಲ್ಪ ಬೆಳಕು. ಡಿ ಫ್ಲಾಟ್ ಮೇಜರ್, ಅಂದರೆ ನಮ್ಮ ಶಂಕರಾಭರಣದ ಸ್ವರಸ್ಥಾನಗಳು. ಸಾಮಾನ್ಯವಾಗಿ ಮೈನರ್ ಸೊನಾಟಾಗಳಲ್ಲಿ ಎರಡನೇ ಮುಖ್ಯ ರಾಗದ ಸಾಲು ಬರುವುದು ಇಂಥ ಮೇಜರ್‌ನಲ್ಲೇ. ಅಂದರೆ ಹುಚ್ಚನ ಹಾಗೆ ಕಾಣುವ ಈ ಮನುಷ್ಯ ಒಳಗೆ ಪಂಚೆ ಸರಿಯಾಗಿಯೇ ಉಟ್ಟಿದ್ದಾನೆ. ಆಮೇಲೆ ಮತ್ತೆ ಅಲೆದಾಟ. 39ನೇ ಬಾರಿನಲ್ಲಿ ಶುರುವಿನ ಸ್ವರಗಳೇ ಹಾಗೆ ಹಾಗೇ ವಾಪಸು ಬರುತ್ತವೆ. 75ರಲ್ಲಿ 38 ಬಾರ್ ಮುಗಿದ ಮೇಲೆ. ಸರಿಸುಮಾರು ಅರ್ಧ. ನನಗೆ ಮೈ ಜುಮ್ಮೆಂದದ್ದು ಇಲ್ಲೇ. ತಲೆಬುಡ ಇಲ್ಲ ಅಂತ ಎಲ್ಲರೂ ಬೈದ ಈ ಭಾಗ ನಡು ಮಡಿಕೆಗೆ ಕಾಗದ ಮಡಚಿದ ಹಾಗಿದೆ. ಎರಡನೇ ಅರ್ಧ ಮೊದಲಿನ ದಾರಿಯಲ್ಲೇ ಹೊರಟು, ಬೇರೆ ಕಡೆ ತಿರುಗಿ, ಕಡೆಗೆ ಬಿ ಫ್ಲಾಟ್ ಮೈನರ್‌ಗೆ ಬಂದು ಬೀಳುತ್ತದೆ.

ಹಾಗಾದರೆ ಇಷ್ಟೆಲ್ಲ ತಿಳಿದು ಬೆರಳಿಗೆ ಏನು ಲಾಭ? ಲಾಭ ಇದೆ. 880 ಸ್ವರ ನೆನಪಿಟ್ಟುಕೊಳ್ಳುವುದು ಮನುಷ್ಯರ ಕೈಲಿ ಆಗುವ ಕೆಲಸವಲ್ಲ. ಆದರೆ ಬಾರಿಗೆ ಒಂದೋ ಎರಡೋ ಕಾರ್ಡ್ ಅಂದುಕೊಳ್ಳಿ, ನೂರು ಚಿಲ್ಲರೆ ಆಯಿತು. ವಾಪಸು ಬರುವ ಕಡೆ ಹೊಸದಾಗಿ ಕಲಿಯುವಂಥದ್ದು ಇಲ್ಲ, ಅದನ್ನು ಕಳೆಯಿರಿ. ಈಗ ಇದು ಒಂದು ಸಾಧಾರಣ ಹಾಡಿನಷ್ಟೇ. ನಾನು ಮಾಡುವ ಕೆಲಸ ಹೀಗೆ. ಸ್ಕೋರನ್ನು ಪೆನ್ಸಿಲ್ ಹಿಡಿದು ಕೂತು ಓದುತ್ತೇನೆ, ಪಿಯಾನೋ ಮುಚ್ಚಿರುತ್ತದೆ. ಪ್ರತಿ ಮೂರರ ಗುಂಪಿನಲ್ಲೂ ನಿಜವಾದ ಸ್ವರ ಯಾವುದು, ಪಕ್ಕದ ಮನೆಯಿಂದ ಸುಮ್ನೆ ಇಣುಕಿ ಹೋಗುವ ಸ್ವರ ಯಾವುದು ಅಂತ ಗುರುತು ಹಾಕುತ್ತೇನೆ. ಆಮೇಲೆ ಪಿಯಾನೋ ತೆರೆದು ನಿಜವಾದವುಗಳನ್ನು ಮಾತ್ರ ಕಾರ್ಡ್ ಆಗಿ ಒತ್ತುತ್ತೇನೆ. ಒಂದು ವಾರ ಬರೀ ಕಾರ್ಡ್‌ಗಳು. ಮನೆಯವರು ಇದೇನು ಭಜನೆ ಅಂತ ಕೇಳಿದ್ದುಂಟು. ನಿಧಾನವಾಗಿ ನುಡಿಸಿದರೆ ನಿಜಕ್ಕೂ ಭಜನೆಯಷ್ಟೇ ಶಾಂತವಾಗಿರುತ್ತದೆ, ಅಲ್ಲಲ್ಲಿ ಮೂಗು ಮುರಿಯುವ ಹಾಗಿದ್ದರೂ.

ಆಮೇಲಿನದು ಬೆರಳು. ಇಲ್ಲಿ ಒಂದು ಮೋಸ ಇದೆ. ಎರಡೂ ಕೈ ಒಂದೇ ಸ್ವರ ನುಡಿಸುವುದು ಸುಲಭ ಅಂತ ಕಾಣುತ್ತದೆ. ಅಲ್ಲ. ನಿಮ್ಮ ಎರಡು ಕೈ ಮುಂದೆ ಚಾಚಿ ನೋಡಿ. ಬಲಗೈಯ ಹೆಬ್ಬೆರಳು ಎಡಕ್ಕಿದೆ, ಎಡಗೈಯದು ಬಲಕ್ಕಿದೆ. ಕನ್ನಡಿಯಲ್ಲಿ ಕಂಡ ಹಾಗೆ. ಆದರೆ ನುಡಿಸಬೇಕಾದ ಸಾಲು ಕನ್ನಡಿಯ ಹಾಗಿಲ್ಲ, ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ. ಸಿ ಮೇಜರ್ ಸ್ಕೇಲನ್ನೇ ತೆಗೆದುಕೊಳ್ಳಿ, ಅಂದರೆ ಬಿಳಿ ಒಂದರ ಶ್ರುತಿಯಲ್ಲಿ ಶಂಕರಾಭರಣದ ಆರೋಹಣ. ಬಲಗೈ ಹೆಬ್ಬೆರಳು ಮಧ್ಯಮದ ಮೇಲೆ ಬರುತ್ತದೆ, ಎಡಗೈ ಹೆಬ್ಬೆರಳು ಪಂಚಮದ ಮೇಲೆ. ಹೆಬ್ಬೆರಳು ದಪ್ಪ, ಅದು ಬಿದ್ದಲ್ಲಿ ಸ್ವರ ಸ್ವಲ್ಪ ಜೋರಾಗುತ್ತದೆ. ಬಲಗೈ ಒಂದು ಕಡೆ ಜೋರು, ಎಡಗೈ ಇನ್ನೊಂದು ಕಡೆ ಜೋರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಿಧಾನದಲ್ಲಿ ಇದು ಕೇಳಿಸುವುದಿಲ್ಲ. ಸೆಕೆಂಡಿಗೆ ಹತ್ತು ಸ್ವರದ ಓಟದಲ್ಲಿ ಕುಂಟುವ ಕುದುರೆಯ ಹಾಗೆ ಕೇಳಿಸುತ್ತದೆ.

ತಮಾಷೆ ಏನಂದರೆ ಬಿ ಫ್ಲಾಟ್ ಮೈನರ್ ಸ್ಕೇಲ್ ಮಾತ್ರ ಈ ವಿಷಯದಲ್ಲಿ ತುಂಬಾ ದಯಾಳು. ಅದರಲ್ಲಿ ಐದು ಕಪ್ಪು ಕೀ, ಎರಡೇ ಬಿಳಿ, ಸಿ ಮತ್ತು ಎಫ್. ಎರಡೂ ಕೈಯ ಹೆಬ್ಬೆರಳು ಅದೇ ಎರಡು ಬಿಳಿಯ ಮೇಲೆ, ಒಂದೇ ಹೊತ್ತಿಗೆ ಬೀಳುತ್ತವೆ. ನುಡಿಸಿ ನೋಡಿದರೆ ಕೈಗೆ ಹೊಲಿಸಿದ ಅಂಗಿಯ ಹಾಗಿರುತ್ತದೆ. ಶೋಪಾನ್ ಪಾಠ ಹೇಳುವಾಗ ಶುರು ಮಾಡುತ್ತಿದ್ದದ್ದು ಬಿಳಿ ಕೀಗಳ ಸಿ ಮೇಜರಿನಿಂದ ಅಲ್ಲ. ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ. ಉದ್ದದ ಮೂರು ಬೆರಳು ಕಪ್ಪಿನ ಮೇಲೆ, ಗಿಡ್ಡ ಎರಡು ಬಿಳಿಯ ಮೇಲೆ. ಕೈ ತಾನಾಗಿ ಕಮಾನಿನ ಹಾಗೆ ಕೂರುತ್ತದೆ. ಎಲ್ಲಾ ಬೆರಳಿಗೂ ಒಂದೇ ಬಲ ತರಿಸುವ ಹಟ ಅವನಿಗೆ ಇರಲಿಲ್ಲ. ಪ್ರತಿ ಬೆರಳಿಗೂ ಅದರದೇ ಗುಣ, ಅದನ್ನು ಕೆಡಿಸಬೇಡಿ ಅನ್ನುವುದು ಅವನ ಮಾತಿನ ಸಾರ. ನಮ್ಮ ಭಾಗ ಬರೀ ಸ್ಕೇಲ್ ಆಗಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದೆವು. ಹನ್ನೆರಡು ಸ್ವರವೂ ಓಡಾಡುವ ಕಡೆ ಆ ದಯೆ ಸಿಗುವುದು ಅಲ್ಲೊಂದು ಇಲ್ಲೊಂದು ಬಾರಿನಲ್ಲಿ ಮಾತ್ರ. ಆ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಭುಜ ಇಳಿಸಲು, ಮಣಿಕಟ್ಟು ಸಡಿಲ ಬಿಡಲು ಅವೇ ನಿಮ್ಮ ಬಸ್ ಸ್ಟಾಪು.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ಮೂರು ಮಾತು. ಎಡಗೈಯನ್ನು ಒಂಟಿಯಾಗಿ ಬಲಗೈಯ ಎರಡರಷ್ಟು ಹೊತ್ತು ಸಾಧನೆ ಮಾಡಿ. ಬಲಗೈ ಜೊತೆ ಸೇರಿದ ಕೂಡಲೇ ಎಡಗೈ ಮೈಗಳ್ಳ ಆಗುತ್ತದೆ, ಯಾರಿಗೂ ಗೊತ್ತಾಗಲ್ಲ ಅಂತ. ಗೊತ್ತಾಗುತ್ತದೆ. ಎರಡನೆಯದು, ಮೂರು ಕಾಲ. ಇಲ್ಲಿ ಸಂಗೀತ ಕಲಿತವರಿದ್ದರೆ ಸರಳೆ ವರಸೆ ನೆನಪಿರಬೇಕು. ಒಂದೇ ತಾಳಕ್ಕೆ ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು, ಕೈ ತಾಳ ಮಾತ್ರ ಬದಲಾಗುವುದಿಲ್ಲ. ನಮ್ಮ ಪಿಯಾನೋ ಮಕ್ಕಳು ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೋನೋಮನ್ನು ದಿನಕ್ಕೆ ಎರಡು ಎರಡು ಅಂಕಿ ಏರಿಸುತ್ತಾರೆ, ಬಾಡಿಗೆ ಏರಿಸಿದ ಹಾಗೆ. ನನಗೆ ಅದು ಒಗ್ಗಲಿಲ್ಲ. ನಿಧಾನದಲ್ಲಿ ಕೈ ಮಾಡುವ ಚಲನೆ ಬೇರೆ, ವೇಗದಲ್ಲಿ ಮಾಡುವ ಚಲನೆ ಬೇರೆ, ಹಾಗಾಗಿ ನಿಧಾನದ ಚಲನೆಯನ್ನೇ ಉಜ್ಜಿ ಉಜ್ಜಿ ವೇಗ ಮಾಡಲು ಹೋದರೆ ಒಂದು ಕಡೆ ಗೋಡೆಗೆ ಹೊಡೆಯುತ್ತೀರಿ. ಅದರ ಬದಲು ಒಂದೇ ಬಾರ್ ತೆಗೆದುಕೊಳ್ಳಿ. ನಿಧಾನಕ್ಕೆ ಒಂದು ಸಲ, ಎರಡರಷ್ಟಕ್ಕೆ ಒಂದು ಸಲ, ಪೂರ್ತಿ ವೇಗಕ್ಕೆ ಒಂದು ಸಲ, ಮುಂದಿನ ಬಾರಿನ ಮೊದಲ ಸ್ವರದ ಮೇಲೆ ನಿಂತುಬಿಡಿ. ಉಸಿರಾಡಿ. ಮುಂದಿನ ಬಾರ್.

ಮೂರನೆಯದು ಬಾಯಿ. "ತಕಿಟ ತಕಿಟ ತಕಿಟ ತಕಿಟ" ಅಂತ ಪಿಸುಗುಟ್ಟುತ್ತಾ ನುಡಿಸಿ. "ತ" ಮೇಲೆ ಒತ್ತು ಬಂದರೆ ಕುದುರೆ ಓಟ, ತಪ್ಪು. ಒತ್ತು ಇಲ್ಲದ ತಕಿಟ ಹೇಳುವುದು ಎಷ್ಟು ಕಷ್ಟ ಅಂತ ಒಮ್ಮೆ ಪ್ರಯತ್ನ ಮಾಡಿ. ಹಾಂ, ಈಗಲೇ ಮಾಡಿ, ನಾಚಿಕೆ ಬೇಡ. ನೋಡಿ, ಎಲ್ಲರೂ "ತ" ಮೇಲೆ ಕುಟ್ಟಿದಿರಿ.

ನೋವಿನ ಬಗ್ಗೆ ಒಂದು ಮಾತು. ಮುಂಗೈ ಉರಿಯಲು ಶುರುವಾದರೆ ನಿಲ್ಲಿಸಿ. ಉರಿಯನ್ನು ತಡೆದುಕೊಂಡು ನುಡಿಸುವುದು ಶೌರ್ಯ ಅಲ್ಲ. ಆಗಲೇ ಹೇಳಿದ ಶೂಮನ್ ಬಲಗೈಯ ಬೆರಳು ಕೆಟ್ಟು ಪಿಯಾನೋ ವಾದಕ ಆಗುವ ಆಸೆಯನ್ನೇ ಬಿಡಬೇಕಾಯಿತು.

ನನ್ನದೇ ಒಂದು ಅವಮಾನದ ಕಥೆ ಹೇಳುತ್ತೇನೆ, ನಿಮಗೂ ಸ್ವಲ್ಪ ಬಿಡುವು. ಬಹಳ ವರ್ಷದ ಹಿಂದೆ ಒಂದು ಸಣ್ಣ ಸಭಾಂಗಣ, ನಲವತ್ತು ಜನ ಇದ್ದಿರಬಹುದು. ಪಿಯಾನೋ ಒಂದು ಕೀ ಒತ್ತಿದರೆ ಮೇಲೆ ಬರಲು ಸೋಮಾರಿತನ ಮಾಡುತ್ತಿತ್ತು, ಮಳೆಗಾಲದ ತೇವ. ಮಾರ್ಚ್ ಮುಗಿಸಿದೆ. ಫಿನಾಲೆ, ಅಂದರೆ ಈ ಕೊನೆಯ ಭಾಗ, ಶುರು ಮಾಡಿದೆ. ಇಪ್ಪತ್ತು ಬಾರಿನ ಹತ್ತಿರ ಆ ಸೋಮಾರಿ ಕೀ ಎಡಗೈಗೆ ಸಿಕ್ಕಿತು, ಎಡಗೈ ಒಂದು ಸ್ವರ ಹಿಂದೆ ಬಿತ್ತು. ಬೇರೆ ಯಾವುದೇ ಸಂಗೀತದಲ್ಲಿ ಎಡಗೈಯನ್ನು ಒಂದು ಕ್ಷಣ ಎತ್ತಿ, ಕಾರ್ಡ್ ಹಿಡಿದು, ಸಾವರಿಸಿಕೊಂಡು ಸೇರಿಕೊಳ್ಳಬಹುದು. ಇಲ್ಲಿ ಎಲ್ಲಿ ಸೇರಿಕೊಳ್ಳುತ್ತೀರಿ? ಎರಡು ರೈಲು ಪಕ್ಕಪಕ್ಕ ಓಡುತ್ತಿವೆ, ಒಂದು ಬೋಗಿ ಹಿಂದೆ. ನಾನು ಎಡಗೈ ಎತ್ತಿಬಿಟ್ಟೆ. ಬಲಗೈ ಒಂದೇ ಓಡಿತು. 39ನೇ ಬಾರಿಗೆ ಬಂದಾಗ, ಶುರುವಿನದೇ ಸ್ವರಗಳು ಅಲ್ವಾ, ಎಡಗೈಗೆ ಮನೆ ಬಾಗಿಲು ಕಂಡ ಹಾಗಾಗಿ ಮತ್ತೆ ಹತ್ತಿಕೊಂಡಿತು. ಮುಗಿದ ಮೇಲೆ ಹಿರಿಯರೊಬ್ಬರು ಬಂದು, ಮಧ್ಯದಲ್ಲಿ ಒಂದೇ ಕೈಯಲ್ಲಿ ನುಡಿಸಿದ್ದು ಬಹಳ ಚೆನ್ನಾಗಿತ್ತು, ಯಾವ ಆವೃತ್ತಿಯದು ಅಂತ ಕೇಳಿದರು. ನಾನು ಉತ್ತರ ಕೊಡದೆ ಕಾಫಿ ಕಡೆ ಹೋದೆ. ಆವತ್ತಿನಿಂದ ಈ ಭಾಗದಲ್ಲಿ ಆರು ಬಾಗಿಲು ಇಟ್ಟುಕೊಂಡಿದ್ದೇನೆ. ಎಲ್ಲಿ ಬಿದ್ದರೂ ಮುಂದಿನ ಬಾಗಿಲಿಗೆ ಹಾರಬಲ್ಲೆ. ಬಾಗಿಲು ಎಲ್ಲೆಲ್ಲಿ ಅನ್ನುವುದನ್ನು ಬೆರಳು ಹೇಳಿಕೊಡುವುದಿಲ್ಲ, ಪೆನ್ಸಿಲ್ ಹಿಡಿದು ಮಾಡಿದ ಆ ಕೆಲಸವೇ ಹೇಳಿಕೊಡುತ್ತದೆ.

ಈಗ ಆ ಹರಟೆಗೆ ಬರೋಣ. ಈ ಭಾಗದ ಬಗ್ಗೆ ತುಂಬಾ ಓಡಾಡುವ ಒಂದು ಮಾತಿದೆ, ರಷ್ಯಾದ ಪಿಯಾನೋ ವಾದಕ ಆಂಟನ್ ರೂಬಿನ್‌ಸ್ಟೈನ್ ಹೆಸರಿಗೆ ಅಂಟಿಕೊಂಡಿದೆ, ಸಮಾಧಿಗಳ ಮೇಲೆ ಬೀಸುವ ರಾತ್ರಿಯ ಗಾಳಿ ಅಂತ. ಚೆನ್ನಾಗಿದೆ, ಕೇಳಿದ ಕೂಡಲೇ ಚಿತ್ರ ಕಣ್ಣಿಗೆ ಬರುತ್ತದೆ. ಎಷ್ಟು ಚೆನ್ನಾಗಿದೆ ಅಂದರೆ ಆಮೇಲೆ ಬಂದವರೆಲ್ಲ ಗಾಳಿಯನ್ನೇ ನುಡಿಸಿದರು. ಪೆಡಲ್ ಒತ್ತಿ ಸ್ವರ ಎಲ್ಲ ಕಲೆಸಿ, ಸುಂಯ್ ಅಂತ ಏರಿಸಿ, ಸುಂಯ್ ಅಂತ ಇಳಿಸಿ. ಪಿಯಾನೋ ವಾದಕ ರಾಖ್ಮನಿನೋವ್ 1930ರಲ್ಲಿ ರೆಕಾರ್ಡ್ ಮಾಡಿದ್ದು ಸಿಗುತ್ತದೆ, ಕೇಳಿ. ಮಾರ್ಚನ್ನು ಅವನು ದೂರದಿಂದ ಬಂದು ಎದುರು ಹಾದು ದೂರ ಹೋಗುವ ಮೆರವಣಿಗೆ ಮಾಡಿಬಿಡುತ್ತಾನೆ. ಶೋಪಾನ್ ಬರೆದ ಜೋರು, ಮೆಲ್ಲಗೆ ಗುರುತುಗಳಿಗೆ ಅಲ್ಲಿ ಬೆಲೆ ಇಲ್ಲ, ಆದರೂ ಒಪ್ಪಿಕೊಳ್ಳದೆ ಇರಲು ಆಗುವುದಿಲ್ಲ. ಅದರ ಹಿಂದೆಯೇ ಬರುವ ಫಿನಾಲೆಯಲ್ಲಿ ಗಾಳಿ ನಿಜಕ್ಕೂ ಬೀಸುತ್ತದೆ.

ನನಗೆ ಆ ಗಾಳಿ ಇಷ್ಟ, ನಂಬಿಕೆ ಇಲ್ಲ. ಬರೆದವನು ಗಾಳಿ ಅನ್ನಲಿಲ್ಲ, ಸಮಾಧಿ ಅನ್ನಲಿಲ್ಲ. ಹರಟುತ್ತವೆ ಅಂದ. ನಮ್ಮ ಊರ ಕಡೆ ಸಾವಿನ ಮನೆಗೆ ಹೋಗಿದ್ದೀರಲ್ಲ. ಮಣ್ಣು ಮಾಡಿ ವಾಪಸು ಬರುವಾಗ ಹಿಂದೆ ಉಳಿದ ಇಬ್ಬರು ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡು ಬರುತ್ತಾರೆ. ಜಮೀನು ಯಾರಿಗೆ, ಆಸ್ಪತ್ರೆ ಬಿಲ್ಲು ಎಷ್ಟಾಯಿತು, ದೊಡ್ಡ ಮಗ ಯಾಕೆ ಬರಲಿಲ್ಲ. ಜೋರಾಗಿ ಆಡುವ ಹಾಗಿಲ್ಲ, ಆಡದೆ ಇರಲೂ ಆಗುವುದಿಲ್ಲ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಹೇಳುತ್ತಾರೆ, ಒಂದೇ ಉಸಿರಿನಲ್ಲಿ. ನನಗೆ ಈ ಭಾಗ ಹಾಗೆ ಕೇಳಿಸುತ್ತದೆ. ಗಾಳಿಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ, ಯಾಕೆಂದರೆ ಗಾಳಿಗೆ ಸತ್ತವನ ಪರಿಚಯ ಇಲ್ಲ, ಇವರಿಗೆ ಇದೆ.

ಹೀಗೆ ಅಂದುಕೊಂಡ ಕೂಡಲೇ ನುಡಿಸುವ ರೀತಿ ಬದಲಾಗುತ್ತದೆ. ಹರಟೆ ಅಂದ ಮೇಲೆ ಅಕ್ಷರ ಕೇಳಿಸಬೇಕು, ಹಾಗಾಗಿ ಪೆಡಲ್ ತೀರಾ ಕಡಿಮೆ. ಕೊನೆಯ ತನಕ ಶೋಪಾನ್ ಪೆಡಲ್ ಗುರುತು ಹಾಕಿಯೂ ಇಲ್ಲ. ಪೂರ್ತಿ ಒಣಗಿಸಿದರೆ ಟೈಪ್‌ರೈಟರ್ ಆಗುತ್ತದೆ, ಅದಕ್ಕೆ ನಾನು ಪೆಡಲನ್ನು ಕಾಲಂಚಿನಲ್ಲಿ ಅರ್ಧ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತೇನೆ. ಅವನ ಕಾಲದ ಪ್ಲೆಯೆಲ್ ಪಿಯಾನೋ ಇದಕ್ಕಿಂತ ಹಗುರ, ಕೀ ಇಷ್ಟು ಆಳ ಇಳಿಯುತ್ತಿರಲಿಲ್ಲ, ದನಿಯೂ ಬೇಗ ಆರುತ್ತಿತ್ತು. ಅದರಲ್ಲಿ ಪಿಸುಗುಟ್ಟುವುದು ಸಹಜ. ಇಲ್ಲಿರುವ ಈ ದೊಡ್ಡ ಕಪ್ಪು ಆನೆಯ ಬಾಯಲ್ಲಿ ಪಿಸುಮಾತು ಹೊರಡಿಸಬೇಕಾದರೆ ಕೀಯನ್ನು ತಳದ ತನಕ ಒತ್ತಬಾರದು, ಮೇಲ್ಮೈಯಲ್ಲೇ ಬೆರಳು ಇರಬೇಕು. ಸ್ವರ ಬಿಟ್ಟುಹೋಗುವ ಭಯ ಇದೆ. ಆ ಭಯ ಇರಲಿ, ಅದೂ ಕೇಳಿಸಲಿ.

ಕಾರ್ಡ್‌ಗಳನ್ನು, ಆ 39ನೇ ಬಾರನ್ನು, ಡಿ ಫ್ಲಾಟಿನ ಬೆಳಕನ್ನು ನುಡಿಸುವವರು ತಿಳಿದಿರಬೇಕು, ಆದರೆ ಬೆರಳು ತೋರಿಸಿ ಹೇಳಬಾರದು. ಇದು ನನಗೆ ತಡವಾಗಿ ಗೊತ್ತಾದದ್ದು. ಒಂದು ಕಾಲದಲ್ಲಿ ನಾನು ವಿಶ್ಲೇಷಣೆಯನ್ನೇ ನುಡಿಸುತ್ತಿದ್ದೆ. ನೋಡಿ ಇಲ್ಲಿ ಕಾರ್ಡ್ ಬದಲಾಯಿತು, ಒಂದು ಒತ್ತು. ನೋಡಿ ಇಲ್ಲಿ ವಾಪಸು ಬಂತು, ಸ್ವಲ್ಪ ನಿಧಾನ. ಪಾಠ ಒಪ್ಪಿಸಿದ ಹಾಗೆ. ಪಿಸುಮಾತಿನಲ್ಲಿ ಯಾರಾದರೂ ಅಡಿಗೆರೆ ಎಳೆಯುತ್ತಾರಾ? ಈಗ ವಾಪಸು ಬರುವ ಜಾಗದಲ್ಲಿ ಏನೂ ಮಾಡುವುದಿಲ್ಲ, ಕಿವಿಯಲ್ಲಿ ಮಾತ್ರ ಕೇಳಿಸಿಕೊಳ್ಳುತ್ತೇನೆ.

ಮಾರ್ಚಿಗೂ ಇದಕ್ಕೂ ನಡುವೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಬಿಡುವಿನಲ್ಲಿ ಒಬ್ಬರು ಕೇಳಿದ್ದರು. ಕರವಸ್ತ್ರ ತೆಗೆದು ಮುಖ ಒರೆಸುವಷ್ಟು ಬೇಡ. ಮಾರ್ಚಿನ ಕೊನೆಯ ಸ್ವರ ಆರುವ ಮೊದಲು ಇವರಿಬ್ಬರು ಮಾತು ಶುರು ಮಾಡಿರಬೇಕು. 1849ರ ಅಕ್ಟೋಬರ್ 30ರಂದು ಪ್ಯಾರಿಸ್‌ನ ಮಾದ್ಲೆನ್ ಚರ್ಚಿನಲ್ಲಿ ಶೋಪಾನ್‌ನ ಅಂತ್ಯಕ್ರಿಯೆ ನಡೆದಾಗ ಅವನದೇ ಮಾರ್ಚನ್ನು ವಾದ್ಯವೃಂದ ನುಡಿಸಿತು. ಫಿನಾಲೆ ನುಡಿಸಲಿಲ್ಲ. ಅದನ್ನು ಬಂದವರು ಬಾಯಲ್ಲೇ ನುಡಿಸಿಕೊಂಡು ಹೋಗಿರಬೇಕು.

ಈಗ ಮಾರ್ಚಿನ ಕೊನೆಯ ಸಾಲಿನಿಂದ ಹಿಡಿದು ಫಿನಾಲೆ ನುಡಿಸುತ್ತೇನೆ. ಒಂದು ಕೆಲಸ ಮಾಡಿ. ಶುರುವಿನ ಸ್ವರಗಳು ವಾಪಸು ಬಂದವು ಅಂತ ಅನ್ನಿಸಿದ ಕ್ಷಣ ಕೈ ಎತ್ತಿ. ಪಕ್ಕದವರನ್ನು ನೋಡಿ ಎತ್ತಬೇಡಿ. ನಾನು ಸುಳಿವು ಕೊಡುವುದಿಲ್ಲ.

(ಇಲ್ಲಿ ನುಡಿಸಿದ್ದಾಯಿತು.)

ಎಷ್ಟು ಕೈ ಎದ್ದವು ಅಂತ ಮುಂದಿನ ಸಾಲಿನವರು ಎಣಿಸಿದ್ದಾರೆ, ಒಂಬತ್ತಂತೆ. ಅದರಲ್ಲಿ ನಾಲ್ಕು ಬಹಳ ಬೇಗ ಎದ್ದವು, ಡಿ ಫ್ಲಾಟ್ ಬಂದ ಕಡೆ. ಪರವಾಗಿಲ್ಲ, ಏನೋ ಬದಲಾಯಿತು ಅಂತ ಕೇಳಿಸಿತಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಕೊನೆಯ ಹೊಡೆತಕ್ಕೆ ಕೈ ಎತ್ತಿದಳು. ಬೆಚ್ಚಿಬಿದ್ದಳೋ ಏನೋ. ಇರಿ, ಇನ್ನೊಂದು ಸಲ ನುಡಿಸುತ್ತೇನೆ, ಒಂದೂವರೆ ನಿಮಿಷ ತಾನೇ.